ಸುಣ್ಣದ ಕಲ್ಲುಗಳು ರಸ್ತೆಯಾದ ವರ್ಷ

ಜನವರಿ ತಿಂಗಳಲ್ಲಿ ಬ್ಯಾಡಗಿಯ ಬಸ್ ನಿಲ್ದಾಣದಲ್ಲಿ ಸೀನದೆ ನಿಂತವನು ಒಂದೋ ಯೋಗಿಯಾಗಿರಬೇಕು, ಇಲ್ಲವೇ ಅದೇ ಊರಿನವನಾಗಿರಬೇಕು. ನಾನು ಎರಡೂ ಅಲ್ಲ. ಪೇಟೆಗೆ ಹೊಸ ಮೆಣಸಿನಕಾಯಿ ಬಂದು ಬಿದ್ದಿತ್ತು. ಹಾವೇರಿಯಿಂದ ಹೊರಡುವಾಗ ಹೆಂಡತಿ ಕೊಟ್ಟ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಕಾಗಿನೆಲೆ ಕಡೆಯ ಬಸ್ಸು ಹತ್ತಿದೆ. ಏಳನೆಯ ಸೀನಿಗೆ ಸಿದ್ಧನಾಗುತ್ತಿದ್ದಾಗ ಮೆಣಸಿನ ಘಾಟನ್ನು ಪಕ್ಕಕ್ಕೆ ತಳ್ಳಿ ಬೇರೊಂದು ವಾಸನೆ ಒಳಗೆ ಬಂತು. ಕೆಸರು, ಪಾಚಿ, ಬಿಸಿಲಿಗೆ ಒಣಗಿದ ಮೀನಿನ ಹುರುಪೆ. ಹಳೆಯ ಬಲೆಯ ವಾಸನೆ ಅದು. ಸುತ್ತಲಿನವರೆಲ್ಲ ಕಿಟಕಿಯ ಕಡೆ ಸರಿದರು. ನಾನೊಬ್ಬ ಅದರ ಕಡೆಗೆ ಸರಿದೆ.

ಒಬ್ಬ ಹೆಂಗಸು ತನಗಿಂತ ದೊಡ್ಡದಾದ ಗಂಟನ್ನು ಬಸ್ಸಿನ ನಡುದಾರಿಯಲ್ಲಿ ಇಳಿಸಿ ಅದರ ಮೇಲೆಯೇ ಕುಳಿತಳು.

“ಯವ್ವಾ, ಅದನ್ನ ಮ್ಯಾಲ ಟಾಪಿಗೆ ಹಾಕ್ಸು. ಮಂದಿ ಮೂಗ ಮುಚ್ಕೊಂಡ್ ಕುಂತಾರ” ಎಂದ ಕಂಡಕ್ಟರ್.

“ಟಾಪಿಗೆ ಹಾಕಿದ್ರ ಹಾರಿ ಹೊಕ್ಕೈತಿ. ನಾಳಿಗೆ ದೊಡ್ಡ ಬಲಿ ಐತಿ. ಇದೊಂದು ತುಂಡು ಕಡಿಮಿ ಬಿತ್ತಂದ್ರ ಕೆರಿಯಾಗ ನಿನ್ನ ಅಡ್ಡ ಮಲಗಿಸಬೇಕಾಕ್ಕೈತಿ, ನೋಡಪಾ.”

ಕಂಡಕ್ಟರ್ ಕೆರೆಯಲ್ಲಿ ಅಡ್ಡ ಮಲಗುವ ಆಸೆ ಇಲ್ಲದವನಾಗಿ ಮುಂದೆ ಸರಿದು ನನ್ನನ್ನು ಎಲ್ಲಿಗೆಂದು ಕೇಳಿದ. “ಎರಡುಸಾಲು” ಎಂದೆ. ಆ ಹೆಸರು ಕೇಳಿದ್ದೇ ಹೆಂಗಸು ತಿರುಗಿ ನೋಡಿದಳು. ಗಂಗವ್ವ. ದುರ್ಗಪ್ಪ ಬಾರಕೇರನ ಹೆಂಡತಿ.

“ಅಯ್ಯ, ಮಾಸ್ತರ್ರ! ನೀವೇನ್ರೀ? ತಲ್ಯಾಗಿನ ಕೂದಲೆಲ್ಲಾ ಎಲ್ಲಿ ಹೋದುವ್ರೀ?”

“ನಿವೃತ್ತಿ ಆದ್ವು, ಗಂಗವ್ವ.”

“ಚಲೋ ಆತು ಬಿಡ್ರಿ, ಪಿಂಚಣಿ ಅರೇ ಬರ್ತೈತಲ್ಲ” ಎಂದು ನಕ್ಕು, ಗಂಟಿನಲ್ಲಿ ನನಗೂ ಒಂದು ಮೊಣಕೈ ಇಡುವಷ್ಟು ಜಾಗ ಬಿಟ್ಟಳು. ಆ ಗಂಟಿನ ಮೇಲೆ ಮೊಣಕೈ ಇಟ್ಟದ್ದೇ ತಡ, ನನ್ನ ನೌಕರಿಯ ಕೊನೆಯ ವರ್ಷದ ಆ ಚಳಿಗಾಲ ಪೂರಾ ಎದ್ದು ಬಂತು.

ಆಗ ನಾನು ಕೆರೆಕೊಪ್ಪದ ಹೈಸ್ಕೂಲಿನ ಹೆಡ್‌ಮಾಸ್ತರ. ಅದರ ಜೊತೆಗೆ ಊರ ಮೀನುಗಾರರ ಸಂಘದ ಬರವಣಿಗೆಯೂ ನನ್ನದೇ. ಹುಟ್ಟಿದಾರಭ್ಯ ಮೀನು ಬಾಯಿಗಿಟ್ಟವನಲ್ಲ ನಾನು. ರೋಹು ಯಾವುದು, ಕಟ್ಲಾ ಯಾವುದು ಎಂದು ಇವತ್ತಿಗೂ ಅವು ಸುಮ್ಮನಿದ್ದರೆ ಹೇಳಲಾರೆ. ಆದರೂ ಹನ್ನೆರಡು ವರ್ಷ ಸಂಘದ ವಾರ್ಷಿಕ ವರದಿಗಳು ನನ್ನ ಕೈಯಿಂದಲೇ ಹೊರಬಿದ್ದವು. ಹೊಟ್ಟೆಗೆ ಇಳಿಯದ ವಸ್ತುವಿನ ಬಗ್ಗೆ ನಿರ್ಲಿಪ್ತವಾಗಿ ಬರೆಯಬಹುದು ಎಂಬುದು ನನ್ನ ನಂಬಿಕೆಯಾಗಿತ್ತು. ನಂಬಿಕೆ ತಪ್ಪೆಂದು ಮುಂದೆ ಗೊತ್ತಾಯಿತು.

ಕೆರೆಯ ಈಚೆ ದಂಡೆ ಕೆರೆಕೊಪ್ಪ, ಆಚೆ ದಂಡೆ ಮೇಲಿನಹಾಳ. ಈಚೆ ಮೀನು, ಆಚೆ ಮೆಣಸಿನಕಾಯಿ. ನನ್ನ ಹೆಂಡತಿ ಗಿರಿಜೆ ಆಚೆಯವಳು. ಅವಳ ತಮ್ಮ ಚನ್ನಬಸಪ್ಪ ಮೇಲಿನಹಾಳದ ಮೆಣಸಿನಕಾಯಿ ರೈತ, ನನಗೆ ಮೈದುನ. ನಮ್ಮ ಮನೆಯ ಅಂಗಳದಿಂದ ಅವನ ಮನೆಯ ಹಂಚು ಕಾಣುತ್ತಿತ್ತು. ನೀರಿರುವಾಗ ಅಲ್ಲಿಗೆ ಹೋಗಬೇಕೆಂದರೆ ಮಾತ್ರ ಕೆರೆಯನ್ನೂ ಅದರ ಹಿಂದಿನ ಗುಡ್ಡವನ್ನೂ ಸುತ್ತಿ ಅರ್ಧ ದಿನ ಹೋಗುತ್ತಿತ್ತು. ಹೆಂಡತಿಗೆ ಸಿಟ್ಟು ಬಂದಾಗ ತವರನ್ನು ನೋಡುತ್ತ ನಿಲ್ಲಬಹುದಿತ್ತು, ಹೋಗುವುದು ಆಗುತ್ತಿರಲಿಲ್ಲ. ನನ್ನ ಸಂಸಾರ ಗಟ್ಟಿಯಾಗಿ ನಿಂತದ್ದಕ್ಕೆ ಈ ಭೂಗೋಳವೂ ಒಂದು ಕಾರಣ.

ಎರಡೂ ಊರುಗಳ ನಡುವೆ ಎರಡು ಪದ್ಧತಿಗಳಿದ್ದವು. ಯಾರ ಅಜ್ಜ ಶುರು ಮಾಡಿದ್ದೋ ಗೊತ್ತಿಲ್ಲ.

ಮೊದಲನೆಯದು ದೊಡ್ಡ ಬಲೆ. ಮೀನುಗಾರರ ಪ್ರತಿ ಮನೆಯಲ್ಲೂ ಒಂದು ತುಂಡು ಬಲೆ ಇರುತ್ತದೆ. ವರ್ಷವಿಡೀ ಅವರವರ ತುಂಡು ಅವರವರ ಗೂಟಕ್ಕೆ. ಸಂಕ್ರಾಂತಿ ದಾಟಿ ನೀರು ಎದೆಮಟ್ಟಕ್ಕೆ ಇಳಿದಾಗ ಒಂದು ದಿನ ಗೊತ್ತು ಮಾಡಿ, ಎಲ್ಲ ತುಂಡುಗಳನ್ನೂ ಸಾಲಾಗಿ ಹೊಲಿದು ಒಂದೇ ಬಲೆ ಮಾಡುತ್ತಾರೆ. ಅದು ಈ ದಂಡೆಯಿಂದ ಆ ದಂಡೆಯವರೆಗೆ ಕೆರೆಗೆ ಅಡ್ಡಲಾಗಿ ಮುಟ್ಟುತ್ತದೆ. ಹಳ್ಳ ಬಂದು ಸೇರುವ ತಲೆಯ ಕಡೆಯಿಂದ ಎಳೆಯುತ್ತ ಹೊರಟರೆ ಏರಿಯ ಹತ್ತಿರ, ತೂಬಿನ ಮಡುವಿನ ತನಕ ಕೆರೆಯನ್ನು ಪೂರಾ ಗುಡಿಸಿಕೊಂಡು ಬರಬೇಕು. ಈಚೆಯ ಹಗ್ಗ ಮೀನುಗಾರರ ಕೈಯಲ್ಲಿ. ಆಚೆಯ ಹಗ್ಗ ಮೇಲಿನಹಾಳದ ರೈತರ ಕೈಯಲ್ಲಿ. ಅವರಲ್ಲಿ ಅರ್ಧ ಮಂದಿ ನನ್ನ ಹಾಗೆ ಮೀನು ಮುಟ್ಟದವರು. ಆದರೂ ಹಗ್ಗದ ತುದಿಯ ಜಾಗ ಚನ್ನಬಸಪ್ಪನ ಮನೆತನಕ್ಕೆ. ಅವನಪ್ಪ ಅದನ್ನು ಹೊಲದ ಉತಾರದ ಕಾಗದದಷ್ಟೇ ಜೋಪಾನ ಮಾಡಿ ಮಗನಿಗೆ ಬಿಟ್ಟುಹೋಗಿದ್ದ.

ಎರಡನೆಯದು ಕಲ್ಲು. ಹೋಳಿ ಹುಣ್ಣಿಮೆಯ ಹೊತ್ತಿಗೆ ಕೆರೆಯ ಮೇಲಿನ ಅರ್ಧ ಒಣಗುತ್ತದೆ. ಆಗ ಮೇಲಿನಹಾಳದ ಮೆಣಸಿನಕಾಯಿ ಚೀಲಗಳು ಸುತ್ತು ಹಾಕದೆ ಕೆರೆಯಂಗಳದಲ್ಲೇ ಹಾದು ಬ್ಯಾಡಗಿಗೆ ಹೋಗಬಹುದು. ಆದರೆ ಮೇಲೆ ಒಣಗಿದಂತೆ ಕಂಡರೂ ಕೆಳಗೆ ಎಲ್ಲಿ ರಾಡಿ ಇದೆ ಎಂದು ಹೇಳುವುದು ಕಷ್ಟ. ಅದು ಗೊತ್ತಿರುವುದು ಹನ್ನೆರಡು ತಿಂಗಳೂ ಆ ನೆಲವನ್ನು ಕಾಲಲ್ಲಿ ಮುಟ್ಟುವ ಮೀನುಗಾರರಿಗೆ ಮಾತ್ರ. ಹಾಗಾಗಿ ದುರ್ಗಪ್ಪ ಮತ್ತು ಅವನ ಮಂದಿ ಗಟ್ಟಿ ನೆಲ ನೋಡಿಕೊಂಡು, ಸುಣ್ಣ ಬಳಿದ ಕಲ್ಲುಗಳನ್ನು ದಂಡೆಯಿಂದ ದಂಡೆಗೆ ಸಾಲಾಗಿ ಇಡುತ್ತಿದ್ದರು. ಗಾಡಿ, ಟ್ರ್ಯಾಕ್ಟರು ಕಲ್ಲಿನ ಪಕ್ಕ ಹಿಡಿದು ಬಂದರೆ ಹೂಳುತ್ತಿರಲಿಲ್ಲ. ಹಗ್ಗಕ್ಕೆ ಕಲ್ಲು, ಕಲ್ಲಿಗೆ ಹಗ್ಗ. ಇದರಲ್ಲಿ ಯಾರು ಯಾರಿಗೆ ಉಪಕಾರ ಮಾಡಿದರು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ದುರ್ಗಪ್ಪ, “ಬಲಗೈ ಎಡಗೈಗೆ ಉಪಕಾರ ಮಾಡಿತಂತ ಎಲ್ಲೆರ ಕೇಳೀರೇನ್ರಿ ಮಾಸ್ತರ್ರ?” ಎಂದಿದ್ದ.

ಆ ವರ್ಷ ಮಳೆ ಚೆನ್ನಾಗಿ ಆಗಿ ಕೆರೆ ಕೋಡಿ ಬಿದ್ದಿತ್ತು. ಕಾರ್ತಿಕ ಮುಗಿದ ಮೇಲೆ ಒಂದು ದಿನ ಇಲಾಖೆಯವರು ಬಂದು, ಕೆರೆಯ ನಟ್ಟನಡುವೆ ಏಳು ಬಿದಿರು ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿ ಹೋದರು. ಸಂಜೆಯ ಹೊತ್ತಿಗೆ ಸುದ್ದಿ ತಿಳಿಯಿತು. ಕೆರೆಯ ಮೇಲೆ ರಸ್ತೆ. ಮಣ್ಣಿನ ಒಡ್ಡು ಹಾಕಿ, ನೀರು ಹಾಯಲಿಕ್ಕೆ ಕೆಳಗೆ ಪೈಪು ಹುಗಿದು, ಮೇಲೆ ಡಾಂಬರು.

ಎರಡು ದಿನದಲ್ಲಿ ಫೋನುಗಳಲ್ಲಿ ಎರಡು ಗುಂಪು ಹುಟ್ಟಿದವು: ರಸ್ತೆ ಬೇಕು, ಕೆರೆ ಬೇಕು. ಎರಡರಲ್ಲೂ ಅದೇ ಮಂದಿ ಇದ್ದರು, ಯಾಕೆಂದರೆ ಬೈಯುವವರಿಗೆ ಕೇಳುವವರು ಬೇಕಲ್ಲ. ಮುಂದಿನ ಭಾನುವಾರ ನಮ್ಮ ಶಾಲೆಯ ಸಭಾಂಗಣದಲ್ಲಿ ಎರಡೂ ಊರಿನ ಮಹಾಸಭೆ ಸೇರಿತು. ಸಭಾಂಗಣ ಎಂದರೆ ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ನಡುವಿನ ತಟ್ಟಿ ತೆಗೆದ ಜಾಗ. ಅಧ್ಯಕ್ಷತೆ ನನ್ನದು. ಗಂಟೆ ನನ್ನ ಕೈಯಲ್ಲಿತ್ತು ಎಂಬುದನ್ನು ಬಿಟ್ಟರೆ ಬೇರೆ ಅಧಿಕಾರವೇನೂ ಇರಲಿಲ್ಲ.

ಚನ್ನಬಸಪ್ಪ ಎದ್ದುನಿಂತ. ಅವನು ಜಗಳಗಂಟನಲ್ಲ, ಅದೇ ತೊಂದರೆ.

“ಮೆಣಸಿನಕಾಯಿ ಮಾತ ಬಿಡ್ರಿ, ಅದು ಸುತ್ತು ಹಾಕಿ ಹೊಕ್ಕೈತಿ. ಅದಕ್ಕ ಕಾಲು ನೋಯೂದಿಲ್ಲ. ಮಾವಾರ, ನೀವ ಹೆಡ್‌ಮಾಸ್ತರ ಅದೀರಿ, ನೀವ ಹೇಳ್ರಿ. ನಮ್ಮೂರ ಹುಡಿಗ್ಯಾರು ಏಳನೇತ್ತಾ ಮುಗಿಸಿದ ಮ್ಯಾಲ ನಿಮ್ಮ ಹೈಸ್ಕೂಲಿಗೆ ಎಷ್ಟು ಮಂದಿ ಬಂದಾರ?”

ಹಾಜರಿ ಪುಸ್ತಕ ನನಗೆ ಬಾಯಿಪಾಠ ಇತ್ತು. “ನೋಡಿ ಹೇಳಬೇಕು” ಎಂದೆ.

“ನೋಡೂದೇನೈತಿ? ಇಬ್ಬರು. ಆ ಇಬ್ಬರೂ ಇಲ್ಲೆ ಸೋದರಮಾವನ ಮನ್ಯಾಗ ಅದಾರ. ಉಳಿದಾವರು ಮನೀಮುಂದ ನಿಂತು ನಿಮ್ಮ ಸಾಲಿ ಗಂಟಿ ಕೇಳ್ತಾರ. ನೀರ ಮ್ಯಾಲ ಸಪ್ಪಳ ಚಲೋ ಬರ್ತೈತ್ರಿ, ಮಾವಾರ. ಹುಡಿಗ್ಯಾರಿಗೆ ಬರಾಕ ಆಗೂದಿಲ್ಲ.”

ಕೈಯಲ್ಲಿದ್ದ ಗಂಟೆಯನ್ನು ಮೇಜಿನ ಕೆಳಗೆ ಇಟ್ಟೆ.

ಆಮೇಲೆ ದುರ್ಗಪ್ಪ ಎದ್ದ. ಸಂಘದ ಹಿರಿಯ, ದೊಡ್ಡ ಬಲೆಯ ಯಜಮಾನ. ದಿನವಿಡೀ ನೀರಿನಲ್ಲಿ ನಿಂತು ಕೂಗಿ ಅಭ್ಯಾಸವಾದ ಮನುಷ್ಯ, ಅವತ್ತು ಮೆಲ್ಲಗೆ ಮಾತಾಡಿದ.

“ರಸ್ತಾ ಬ್ಯಾಡ ಅನ್ನಾಂಗಿಲ್ಲ ನಾವು. ಕೆರಿ ಎರಡಾಗೂದು ಬ್ಯಾಡ ಅಂತೀವಿ. ಮುಂಗಾರಿ ಹೊಸಾ ನೀರು ಬಂತಂದ್ರ ನಮ್ಮೂರ ಸಣ್ಣ ಮೀನು ಮಡುವಿನಿಂದ ಎದ್ದು ಹಳ್ಳದ ಕಡೆ ಏರ್ತಾವ, ತತ್ತಿ ಇಡಾಕ. ಅಡ್ಡ ಒಡ್ಡು ಹಾಕಿ ಎರಡು ಪೈಪ ಇಟ್ರ ಅವೇನು ಪಾಳಿ ಹಚ್ಚಿ ಹೊಕ್ಕಾವೇನ್ರಿ?”

“ಹೊಕ್ಕಾವ ಬಿಡೋ ದುರ್ಗಣ್ಣ, ಮಾಸ್ತರ್ರು ಸಾಲಿಗೆ ಹಚ್ಚಿ ಪಾಳಿ ಕಲಸ್ತಾರ” ಎಂದು ಮೇಲಿನಹಾಳದವನೊಬ್ಬ ಹಿಂದಿನಿಂದ ಕೂಗಿದ.

“ನಿನಗ ಕಲಸಾಕ ಆಗಲಿಲ್ಲ ಅವರಿಗೆ, ಇನ್ನ ಮೀನಿಗೆ ಏನ್ ಕಲಿಸ್ಯಾರು?” ಎಂದಳು ಗಂಗವ್ವ. ಅವನು ನನ್ನ ಹಳೆಯ ವಿದ್ಯಾರ್ಥಿ, ಅವಳ ಮಾತಿನಲ್ಲಿ ಸತ್ಯಾಂಶವಿತ್ತು.

ನಗು ನಿಂತ ಮೇಲೆ ದುರ್ಗಪ್ಪ ಮುಂದುವರಿಸಿದ. “ಮೀನಿಂದೂ ಬಿಡ್ರಿ. ಬಲಿ ಎರಡಾಕ್ಕೈತಿ. ಮ್ಯಾಲಿನ ಅರ್ಧದಾವರು ಒಂದು, ಕೆಳಗಿನ ಅರ್ಧದಾವರು ಒಂದು. ಮ್ಯಾಲಿನ ಅರ್ಧ ಹೋಳಿಗೇ ಒಣಗತೈತಿ. ಅಲ್ಲಿ ಯಾರ ತುಂಡು, ಇಲ್ಲಿ ಯಾರ ತುಂಡು? ದೊಡ್ಡ ಬಲಿ ಒಮ್ಮೆ ಎರಡಾತಂದ್ರ ಮತ್ತ ಹೊಲಿಯಾಕ ಬರೂದಿಲ್ಲ.”

ಮೂರು ತಾಸು ಚರ್ಚೆಯಾಗಿ, ಚರ್ಚೆ ಆಗಿದೆ ಎಂದು ಠರಾವಾಯಿತು. ಎರಡೂ ಕಡೆಯವರು ಚಹಾಕ್ಕೆ ನಮ್ಮ ಮನೆಗೆ ಬಂದರು. ಗಿರಿಜೆಯ ಚಹಾದಲ್ಲಿ ಪಕ್ಷಪಾತ ಇರಲಿಲ್ಲ. ಸಕ್ಕರೆಯಲ್ಲಿ ಇತ್ತು.

ನಾನು ಮಾತ್ರ ಯಾವ ದಂಡೆಗೂ ಸೇರದೆ ನಡುನೀರಿನಲ್ಲಿದ್ದೆ. ಹೆಡ್‌ಮಾಸ್ತರನಿಗೆ ರಸ್ತೆ ಬೇಕು, ಸಂಘದ ಬರಹಗಾರನಿಗೆ ಬೇಡ. ಇಬ್ಬರೂ ಒಂದೇ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಕಡೆಗೆ ಸಂಘದ ಪರವಾಗಿ ನಾಲ್ಕು ಪುಟದ ಮನವಿ ಬರೆದೆ. “ಅನಾದಿಕಾಲದಿಂದ” ಎಂದು ಶುರುವಾಗಿ “ಇತಿಹಾಸ ಕ್ಷಮಿಸಲಾರದು” ಎಂದು ಮುಗಿಯುತ್ತಿತ್ತು. ಅದನ್ನು ಹಿಡಿದು ನಾನೂ ದುರ್ಗಪ್ಪನೂ ಹಾವೇರಿಯ ಕಚೇರಿಗೆ ಹೋದೆವು.

ಇಂಜಿನಿಯರು ಮೈಸೂರು ಕಡೆಯ ಯುವಕ, ಮರ್ಯಾದಸ್ಥ. ನಾಲ್ಕೂ ಪುಟ ಓದಿದ. ಇತಿಹಾಸವೇ ಎದುರು ಬಂದು ಕುಳಿತಂತೆ ನನ್ನನ್ನು ನೋಡಿ, ಕಪಾಟಿನಿಂದ ಒಂದು ಕಡತ ತೆಗೆದ.

“ಸರ್, ಇದು ಹೊಸ ರಸ್ತೆ ಅಲ್ಲವಲ್ಲ. ಈಗಾಗಲೇ ಇರೋ ರಸ್ತೆಯ ಅಭಿವೃದ್ಧಿ ಅಷ್ಟೇ. ಅದಕ್ಕೇ ಇಷ್ಟು ಬೇಗ ಮಂಜೂರಾತಿಗೆ ಬಂದಿದೆ.”

“ಕೆರೆಯೊಳಗೆ ರಸ್ತೆ ಎಲ್ಲಿದೆ?” ಎಂದೆ, ಸ್ವಲ್ಪ ಗತ್ತಿನಿಂದಲೇ.

ಅವನು ಕಡತದಿಂದ ಒಂದು ಕಾಗದ ತೆಗೆದು ಓದಿದ: “ಸಂಘವು ಪ್ರತಿ ವರ್ಷದಂತೆ ಈ ವರ್ಷವೂ ಕೆರೆಯ ಮಧ್ಯದ ಕೆರೆಕೊಪ್ಪ–ಮೇಲಿನಹಾಳ ಸಂಪರ್ಕ ರಸ್ತೆಯನ್ನು ಸ್ವಂತ ಶ್ರಮದಿಂದ ದುರಸ್ತಿಗೊಳಿಸಿ, ಸುಣ್ಣದ ಗಡಿಕಲ್ಲುಗಳಿಂದ ಅಲಂಕರಿಸಿ, ಸಾರ್ವಜನಿಕ ಸಂಚಾರಕ್ಕೆ ಮುಕ್ತಗೊಳಿಸಿತು.”

ನನ್ನ ಅಕ್ಷರ. ನನ್ನ ಸಹಿ. ಕೆಳಗೆ ಸಂಘದ ಮೊಹರು. ಅಂಥವು ಹಲವು ವರ್ಷದವು ಇದ್ದವು, ಪ್ರತಿ ವರ್ಷ ರಸ್ತೆ ಸ್ವಲ್ಪ ಸ್ವಲ್ಪ ಅಗಲವಾಗುತ್ತ ಬಂದಿತ್ತು. ಕೊನೆಯ ವರದಿಯಲ್ಲಿ ಅದಕ್ಕೆ “ಇಕ್ಕೆಲಗಳು” ಕೂಡ ಬಂದಿದ್ದವು. ಸಭೆಯಲ್ಲಿ ಓದಿದಾಗ ಚಪ್ಪಾಳೆ ಬೀಳುತ್ತಿತ್ತು, ಅದಕ್ಕೆ ಬರೆದಿದ್ದೆ. ಬೇಸಿಗೆಯಲ್ಲಿ ಸರ್ವೆಗೆ ಬಂದವರು ಒಣಗಿದ ಅಂಗಳದಲ್ಲಿ ಬಿಳಿ ಕಲ್ಲಿನ ಸಾಲು ಕಂಡಿದ್ದರು, ಸಂಘದ ವರದಿ ತರಿಸಿ ನೋಡಿದ್ದರು, ಎರಡೂ ತಾಳೆಯಾಗಿತ್ತು. ಅವರ ತಪ್ಪೇನೂ ಇರಲಿಲ್ಲ.

“ಏನಂತ್ರೀ?” ಎಂದು ದುರ್ಗಪ್ಪ ಕೇಳಿದ. ನಾನು ಕನ್ನಡಕ ಒರೆಸುತ್ತಿದ್ದೆ. ಇಂಜಿನಿಯರೇ ಮೆಲ್ಲಗೆ ಬಿಡಿಸಿ ಹೇಳಿದ. ಅವನು ಸ್ಥಳ ಪರಿಶೀಲನೆಗೆ ಬರುವುದು ಹೇಗೂ ಬಾಕಿ ಇತ್ತು. ಎರಡೂ ಊರಿನವರು ಒಪ್ಪಿ ಬರೆದುಕೊಟ್ಟರೆ ಮಾತ್ರ ಬೇರೆ ಯೋಚನೆ ಮಾಡಬಹುದು ಎಂದ.

“ಹಂಗಾರ ದೊಡ್ಡ ಬಲಿ ದಿನಾನ ಬರ್ರಿ, ಸಾಹೇಬ್ರ” ಎಂದಷ್ಟೇ ಹೇಳಿ ದುರ್ಗಪ್ಪ ಎದ್ದ.

ವಾಪಸು ಬಸ್ಸಿನಲ್ಲಿ ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮೋಟೆಬೆನ್ನೂರು ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತ, “ನೀವು ಓದುವಾಗ ಕೇಳಾಕ ಭಾರೀ ಅನಸ್ತಿತ್ರಿ. ನಾವ ಚಪ್ಪಾಳಿ ಬಡದ್ವಿ. ನಮ್ಮದೂ ತಪ್ಪೈತಿ” ಎಂದ. ಮೂವತ್ತೈದು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗಳು ಕೊಟ್ಟ ಯಾವ ನೋಟೀಸೂ ನನಗೆ ಅಷ್ಟು ತಾಗಿರಲಿಲ್ಲ.

ಸಂಕ್ರಾಂತಿ ದಾಟಿದ ಮೊದಲ ಬುಧವಾರ ದೊಡ್ಡ ಬಲೆ ಗೊತ್ತಾಯಿತು. ಹಿಂದಿನ ದಿನ ಎಲ್ಲ ಮನೆಯ ತುಂಡುಗಳೂ ದಂಡೆಗೆ ಬಂದವು. ಗಂಗವ್ವ ಮತ್ತು ಉಳಿದ ಹೆಂಗಸರು ಸಾಲಾಗಿ ಕುಳಿತು ಹೊಲಿದರು. ಅವರು ಯಾರೂ ಕೇಳದಿದ್ದ ಪ್ರಶ್ನೆ ಒಂದೇ: ನಾಳೆ ಆಚೆಯ ಹಗ್ಗ ಯಾರು ಹಿಡಿಯುತ್ತಾರೆ? ರಸ್ತೆಯ ಗದ್ದಲ ಎದ್ದಮೇಲೆ ಮೇಲಿನಹಾಳದವರು ಈಚೆಗೆ ಮುಖ ಹಾಕಿರಲಿಲ್ಲ. ಅಕ್ಕನ ಮನೆಗೆ ಚನ್ನಬಸಪ್ಪನ ಫೋನೂ ಬಂದಿರಲಿಲ್ಲ. ಗಿರಿಜೆ ಅಂಗಳದಲ್ಲಿ ನಿಂತು ಆಚೆಯ ಹಂಚು ನೋಡುವುದು ಹೆಚ್ಚಾಗಿತ್ತು, ಮತ್ತು ಈ ಸಲ ಅದು ನನ್ನ ಮೇಲಿನ ಸಿಟ್ಟಿಗಲ್ಲ.

ಬುಧವಾರ ಬೆಳಗ್ಗೆ ಕೆರೆಯ ಮೇಲೆ ಮಂಜು. ಇಂಜಿನಿಯರು ಜೀಪಿನಲ್ಲಿ ಬಂದಿಳಿದ. ಆಚೆ ದಂಡೆಯಲ್ಲಿ ಏನೂ ಕಾಣುತ್ತಿರಲಿಲ್ಲ. ದುರ್ಗಪ್ಪ ಎರಡು ಸಲ ಕೂಗು ಹಾಕಿದ. ಉತ್ತರವಿಲ್ಲ. ಮೂರನೆಯ ಕೂಗಿಗೆ ಮಂಜಿನೊಳಗಿಂದ ಚನ್ನಬಸಪ್ಪನ ದನಿ ಬಂತು: “ಒದರಬ್ಯಾಡೋ ದುರ್ಗಪ್ಪ, ಕಿವುಡಿಲ್ಲ ನಾವು! ಹಗ್ಗ ಕೈಯಾಗ ಐತಿ!”

“ಬಂದೀರೇನು?”

“ಜಗಳ ರಸ್ತಾದ್ದು, ಹಗ್ಗದ್ದಲ್ಲ! ಹೂಂ, ಎಳೀರಿ!”

ಬಲೆ ಎಳೆಯುವ ಮೊದಲು ನನ್ನದೊಂದು ಕೆಲಸ ಬಾಕಿ ಇತ್ತು. ದಂಡೆಯ ಬಂಡೆಯ ಮೇಲೆ ಹತ್ತಿ, ಊರೆಲ್ಲ ಕೇಳುವ ಹಾಗೆ ಇಂಜಿನಿಯರಿಗೆ ಹೇಳಿದೆ: “ಈ ಕೆರೆಯಲ್ಲಿ ಯಾವತ್ತೂ ರಸ್ತೆ ಇರಲಿಲ್ಲ. ಇದ್ದದ್ದು ಒಂದಿಷ್ಟು ಕಲ್ಲು, ಒಂದು ಡಬ್ಬಿ ಸುಣ್ಣ ಮತ್ತು ನನ್ನ ವರದಿ. ಕಲ್ಲು ಮತ್ತು ಸುಣ್ಣ ಖರೇ.” ನನ್ನ ಜೀವಮಾನದಲ್ಲಿ ಅದಕ್ಕಿಂತ ಸಣ್ಣ ಭಾಷಣ ಮಾಡಿಲ್ಲ. ಮಂದಿ ಜೋರಾಗಿ ನಕ್ಕರು. ಶಾಲೆಯ ಹುಡುಗರು ಎಲ್ಲರಿಗಿಂತ ಜೋರಾಗಿ.

ಇಂಜಿನಿಯರು ನಗಲಿಲ್ಲ. ಬರೆದುಕೊಂಡು, “ಆಯ್ತು ಸರ್. ಆದರೆ ಆ ಕಡೆಯವರಿಗೆ ರಸ್ತೆ ಬೇಕೇ ಬೇಕಲ್ಲ?” ಎಂದ. ಸರಿಯಾದ ಪ್ರಶ್ನೆ.

ಅವನನ್ನೂ ನನ್ನನ್ನೂ ಹರಿಗೋಲಿನಲ್ಲಿ ಕೂರಿಸಿ ದುರ್ಗಪ್ಪ ಬಲೆಯ ಹಿಂದೆ ಹುಟ್ಟು ಹಾಕಿದ. ಮಂಜು ಏಳುತ್ತಿತ್ತು. ಬಲೆಯ ಬೆಂಡುಗಳು ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಬಿಲ್ಲಿನಂತೆ ಬಾಗಿ ನಿಧಾನಕ್ಕೆ ಮುಂದೆ ಹೋಗುತ್ತಿದ್ದವು. ಎರಡೂ ತುದಿಯಲ್ಲಿ ಮಂದಿ ಸೊಂಟಮಟ್ಟದ ನೀರಿನಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಿದ್ದರು. ಇಂಜಿನಿಯರು ಎರಡೂ ಕೈಯಲ್ಲಿ ಹರಿಗೋಲಿನ ಅಂಚು ಹಿಡಿದಿದ್ದರೂ ಕಣ್ಣು ಅಲ್ಲೇ ಇಟ್ಟಿದ್ದ.

ನಡುಕೆರೆಯಲ್ಲಿ ಬಲೆ ನಿಂತಿತು.

ಇಲಾಖೆಯ ಏಳು ಬಿದಿರು ಗೂಟಗಳನ್ನು ಎಲ್ಲರೂ ಬೈದಿದ್ದರು, ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಲೆ ಏಳಕ್ಕೂ ಸಿಕ್ಕಿಕೊಂಡಿತ್ತು. ಜೋರಾಗಿ ಎಳೆದರೆ ಹರಿಯುತ್ತದೆ. ಸಡಿಲ ಬಿಟ್ಟರೆ ಅಡಿ ಎದ್ದು ಮೀನೆಲ್ಲ ಕೆಳಗಿನಿಂದ ಪಾರು. ಹಿಡಿದು ನಿಲ್ಲಬೇಕು, ಅಷ್ಟೇ.

“ಹಿಡದು ನಿಂದರ್ರೋ!” ಎಂದು ದುರ್ಗಪ್ಪ ಎರಡೂ ಕಡೆ ಕೂಗಿ ನೀರಿಗೆ ಧುಮುಕಿದ. ಗೂಟದ ಹತ್ತಿರ ಹೋಗಿ, ಕೀಳದೆ, ಇಂಜಿನಿಯರ ಕಡೆ ತಿರುಗಿದ.

“ಸರ್ಕಾರದ ಗೂಟ ಐತ್ರಿ, ಸಾಹೇಬ್ರ. ನಾವ್ ಕಿತ್ರ ಕೇಸ ಆಕ್ಕೈತಿ.”

ಇಂಜಿನಿಯರು ನನ್ನ ಮುಖ ನೋಡಿದ. ನಡುನೀರಿನಲ್ಲಿ ತಿರುಗುತ್ತಿರುವ ಹರಿಗೋಲಿನೊಳಗೆ ಕುಳಿತು ಸುತ್ತೋಲೆ ನೆನಪಿಸಿಕೊಳ್ಳುವುದು ಸುಲಭವಲ್ಲ. “ತಾತ್ಕಾಲಿಕವಾಗಿ ಕೀಳಬಹುದು” ಎಂದು ಗಂಭೀರವಾಗಿ ಆಜ್ಞೆ ಹೊರಡಿಸಿದ. ಆ ಕೆರೆಯಲ್ಲಿ ಹೊರಟ ಮೊದಲ ಸರ್ಕಾರಿ ಆದೇಶ ಅದೇ.

ಒಂದೊಂದು ಗೂಟ ಬಿಡಿಸಲಿಕ್ಕೂ ಬಹಳ ಹೊತ್ತು ಬೇಕಾಯಿತು. ಚಳಿಯ ನೀರಿನಲ್ಲಿ ಎರಡೂ ಕಡೆಯವರು ಕದಲದೆ ಹಗ್ಗ ಬಿಗಿದು ನಿಂತರು. ಬಿಸಿಲು ಏರಿತು. ದುರ್ಗಪ್ಪ ಗೂಟದಿಂದ ಗೂಟಕ್ಕೆ ತಳ್ಳುತ್ತ ತಂದ ನಮ್ಮ ಹರಿಗೋಲು ಆಚೆ ದಂಡೆ ಮುಟ್ಟಿದಾಗ ಚನ್ನಬಸಪ್ಪ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು, ಎರಡೂ ಹಿಮ್ಮಡಿ ಕೆಸರಿನಲ್ಲಿ ಊರಿ ನಿಂತಿದ್ದ. ಅಂಗೈ ಸುಲಿದು ಹಗ್ಗ ಕೆಂಪಾಗಿತ್ತು. ಮೀನು ತಿನ್ನದ ಮನುಷ್ಯ.

“ಬಿಡು, ಬೇರೆಯವರು ಹಿಡೀತಾರ” ಎಂದೆ.

“ಇದು ನಮ್ಮಪ್ಪನ ಜಾಗಾ, ಮಾವಾರ” ಎಂದು ನನ್ನ ಕಡೆ ನೋಡದೆ ಇಂಜಿನಿಯರ ಕಡೆ ಮುಖ ಮಾಡಿದ. “ಸಾಹೇಬ್ರ, ಏಳು ಬಿದಿರು ಗೂಟಕ್ಕ ಬಲಿ ಇಷ್ಟೊತ್ತು ನಿಂತೈತಿ. ನೀವು ಮಣ್ಣಿನ ಒಡ್ಡು ಹಾಕಿದ್ರ ನಾ ಹಗ್ಗ ಹಿಡದು ಎಲ್ಲಿ ನಿಂದರ್ಲಿ?”

“ಕೆಳಗೆ ಪೈಪ್ ಇರುತ್ತೆ…”

“ನೀರು ಪೈಪಿನಾಗ ಹೊಕ್ಕೈತ್ರಿ. ಬಲಿ ಹೋಗೂದಿಲ್ಲ.”

ಚನ್ನಬಸಪ್ಪ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದುಕೊಂಡು, ಗದ್ದದಿಂದ ಕೆರೆಯ ತಲೆಯ ಕಡೆ ತೋರಿಸಿದ.

“ಮ್ಯಾಲ ಹೋಗ್ರಿ. ಹಳ್ಳ ಕೆರಿ ಕೂಡೂಕಿಂತ ಮದಲ ಸಣ್ಣದೈತಿ, ಅಲ್ಲಿ ಸೇತುವಿ ಕಟ್ರಿ. ರಸ್ತಾ ನನ್ನ ಹೊಲದಾಗ ಹಾದು ಹೋಗ್ಲಿ. ಏನ್ ಹೊಕ್ಕೈತಿ, ಎರಡು ಸಾಲ ಮೆಣಸಿನಗಿಡ ಹೊಕ್ಕಾವು. ಆದ್ರ ರಸ್ತಾ ಆಗಬೇಕು, ಹಾಂ! ಹುಡಿಗ್ಯಾರು ಸಾಲಿಗೆ ಹೋಗಬೇಕು. ಆಗಲಿಲ್ಲಂದ್ರ ನಾನ ಟ್ರ್ಯಾಕ್ಟರಿನಾಗ ಮಣ್ಣು ತಂದು ಈ ಕೆರಿಗೆ ಸುರೀತೇನಿ. ದುರ್ಗಪ್ಪ ಬಂದು ನನ್ನ ಬಲ್ಯಾಗ ಹಿಡದರೂ ಬಿಡೂದಿಲ್ಲ.”

ದುರ್ಗಪ್ಪ ಏಳನೆಯ ಗೂಟವನ್ನು ಹೆಗಲ ಮೇಲೆ ಹೊತ್ತು ನೀರಿನಿಂದ ಏಳುತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದ. “ನೀ ಬಲ್ಯಾಗ ಬಿದ್ರ ಬಲಿ ಹರೀತೈತಿ, ಹೊಟ್ಟಿ ನೋಡ್ಕೋ” ಎಂದ. ಅಷ್ಟು ಹೇಳಿ ಗೂಟವನ್ನು ಇಂಜಿನಿಯರ ಕಾಲ ಬಳಿ ಮೆತ್ತಗೆ ಇಟ್ಟು, ಮತ್ತೆ ನೀರಿಗಿಳಿದು ಮುಖ ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ.

ಬಲೆ ಮತ್ತೆ ಹೊರಟಿತು. ಮಧ್ಯಾಹ್ನಕ್ಕೆ ಮಡು ಮುಟ್ಟಿತು. ಎಷ್ಟು ಮೀನು ಬಿತ್ತೆಂದು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ವರದಿಗಳ ಮೇಲೆ ವಿಶ್ವಾಸ ಉಳಿದಿಲ್ಲ ಎಂಬುದು ನನಗೆ ಗೊತ್ತು.

ಎರಡೂ ಊರಿನ ಒಪ್ಪಿಗೆಯನ್ನು ಅವತ್ತೇ ದಂಡೆಯ ಮೇಲೆ ಕುಳಿತು ಬರೆದೆ. ಮೂರು ಸಾಲು. ಓದಿ ಹೇಳಿದ ಮೇಲೂ ದುರ್ಗಪ್ಪ ಇನ್ನೂ ಕಾಯುತ್ತಿದ್ದ.

“ಇಷ್ಟ ಏನ್ರಿ?”

“ಇಷ್ಟೇ.”

“‘ಅನಾದಿಕಾಲ’ ಇಲ್ಲೇನ್ರಿ?”

“ಇಲ್ಲ.”

“ಹಾಂ, ಹಂಗಾರ ಒಪ್ತಾರ ಬಿಡ್ರಿ” ಎಂದು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡ.

ಒಪ್ಪಿದರು. ಕಾಗದ ಓಡಾಡಲಿಕ್ಕೂ ಸೇತುವೆ ಏಳಲಿಕ್ಕೂ ಎರಡು ಮಳೆಗಾಲ ಹಿಡಿಯಿತು. ಅಷ್ಟರಲ್ಲಿ ನಾನು ನಿವೃತ್ತನಾಗಿ ಹಾವೇರಿಗೆ ಬಂದಿದ್ದೆ. ಆ ರಸ್ತೆ ಕೆರೆಯ ಮೇಲಿನ ದಾರಿಗಿಂತ ಉದ್ದ ಎಂದು ಮೇಲಿನಹಾಳದವರು ಇವತ್ತಿಗೂ ಗೊಣಗುತ್ತಾರೆ. ಗೊಣಗುವ ಹಕ್ಕು ಅವರಿಗಿದೆ. ಜೂನ್ ತಿಂಗಳ ಮೊದಲ ವಾರ ನನ್ನ ಜಾಗಕ್ಕೆ ಬಂದ ಹೆಡ್‌ಮಾಸ್ತರು ಫೋನು ಮಾಡಿ, ಮೇಲಿನಹಾಳದ ಹುಡುಗಿಯರು ಒಟ್ಟಾಗಿ ಸೈಕಲ್ಲು ಹೊಡೆದುಕೊಂಡು ಬಂದರೆಂದೂ, ಶಾಲೆಯಲ್ಲಿ ಸೈಕಲ್ಲು ನಿಲ್ಲಿಸಲು ಜಾಗವಿಲ್ಲವೆಂದೂ ದೂರಿದರು. ಅಂಥ ದೂರನ್ನು ಅದಕ್ಕೆ ಮೊದಲು ಅಷ್ಟು ಸಂತೋಷದಿಂದ ಕೇಳಿದವನಲ್ಲ ನಾನು. ಬಸ್ಸೂ ಬಂತು. ಹೊಲದ ಪಕ್ಕದ ನಿಲುಗಡೆಗೆ ಇಲಾಖೆ ಏನೋ ಉದ್ದನೆಯ ಹೆಸರಿಟ್ಟಿದೆ. ಯಾರಿಗೂ ಗೊತ್ತಿಲ್ಲ.

“ಎರಡುಸಾಲು! ಎರಡುಸಾಲು ಇಳಿಯೋರು!” ಎಂದು ಕಂಡಕ್ಟರ್ ಕೂಗಿದ. ಬಸ್ಸು ಸೇತುವೆ ದಾಟಿ ಇಲ್ಲಿಗೆ ಬಂದು ಮರಳಿ ಕೆರೆಕೊಪ್ಪಕ್ಕೆ ಹೋಗುತ್ತದೆ, ಗಂಗವ್ವ ಅಲ್ಲಿ ಇಳಿಯುವವಳು. ಗಂಟಿನ ಮೇಲಿಂದ ಮೊಣಕೈ ಎತ್ತುವಾಗ ಪಕ್ಕದ ಸೀಟಿನ ಅಪರಿಚಿತನಿಗೆ ಸುಮ್ಮಸುಮ್ಮನೆ ಹೇಳಿದೆ: “ಇದು ನಮ್ಮ ಮೈದುನನ ಹೊಲ ಇತ್ತು.” ಆತ ಮೂಗು ಮುಚ್ಚಿಕೊಂಡೇ ತಲೆ ಆಡಿಸಿದ.

ಚನ್ನಬಸಪ್ಪ ಫೋನಿನಲ್ಲಿ “ಬಂದು ಹೋಗ್ರಿ” ಎಂದಿದ್ದನೇ ಹೊರತು ಯಾಕೆಂದು ಹೇಳಿರಲಿಲ್ಲ. ರೊಟ್ಟಿ ಉಣ್ಣುವಾಗಲೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು, ಕುಂಟುತ್ತ ನನ್ನನ್ನು ದಂಡೆಗೆ ಕರೆದೊಯ್ದ. ಹಗ್ಗ ಹಿಡಿಯುವವರು ಆಗಲೇ ಸಾಲಾಗಿ ನೀರಿಗಿಳಿದಿದ್ದರು. ತುದಿಯ ಜಾಗ ಮಾತ್ರ ಖಾಲಿ ಇತ್ತು. ಕುರ್ಚಿಯಲ್ಲಿ ಕುಳಿತು ಅವನು ಮೊಣಕಾಲು ನೀವಿಕೊಂಡ.

“ಡಾಕ್ಟರ್ ಈ ವರ್ಷ ನೀರಿಗೆ ಇಳಿಬ್ಯಾಡ ಅಂದಾನ. ಮಗಾ ಧಾರವಾಡದಾಗ ಪರೀಕ್ಷಾಕ್ಕ ಕುಂತಾನ, ಬರೂ ವರ್ಷ ಹಿಡೀತಾನ. ಈ ಜಾಗಾಕ್ಕ ಹೊರಗಿನಾವರು ಬರಾಂಗಿಲ್ಲ. ಹೂಂ, ಇಳೀರಿ ಮಾವಾರ.”

“ನಾನು? ಈ ವಯಸ್ಸಿನಾಗ?”

“ಎಳ್ಯಾಕ ಮಂದಿ ಅದಾರ. ನೀವು ಬರೇ ಹಿಡದು ನಡೀರಿ. ಬಿಡಬ್ಯಾಡ್ರಿ, ಅಷ್ಟ.”

ಪಂಚೆ ಮೇಲಕ್ಕೆ ಕಟ್ಟಿ ಇಳಿದೆ. ನೀರು ಅಷ್ಟು ತಣ್ಣಗಿರುತ್ತದೆಂದು ಹನ್ನೆರಡು ವರ್ಷದ ಯಾವ ವರದಿಯಲ್ಲೂ ನಾನು ಬರೆದಿರಲಿಲ್ಲ. ಹಗ್ಗ ಕೈಗೆ ಬಂತು. ಆಚೆಯಿಂದ ಕೂಗು ಬಂತು, ದುರ್ಗಪ್ಪನದೇ, ಸ್ವಲ್ಪ ಒಡೆದಿತ್ತು. ನಡೆದೆವು. ಹಿಂದೊಮ್ಮೆ ಕೆಂಪು ಬಟ್ಟೆಯ ಗೂಟಗಳು ನಿಂತಿದ್ದ ಜಾಗದ ನೇರಕ್ಕೆ ಬಂದಾಗ ನನ್ನ ಕಾಲು ತಾನಾಗಿ ತಡೆಯಿತು. ಬಲೆ ತಡೆಯಲಿಲ್ಲ. ಬೆಂಡುಗಳು ಒಂದರ ಹಿಂದೊಂದು, ದಂಡೆಯಿಂದ ದಂಡೆಗೆ, ಸುಮ್ಮನೆ ದಾಟಿದವು.

“ಯಾಕ ನಿಂತೀರಿ ಮಾವಾರ?” ಎಂದು ಹಿಂದಿನಿಂದ ಚನ್ನಬಸಪ್ಪ ಕೂಗಿದ.

ಉತ್ತರ ಕೊಡುವ ಮೊದಲೇ ಕೆರೆಯ ಆಚೆಯಿಂದ ಯಾರೋ ಹಗ್ಗ ಜಗ್ಗಿದರು. ನಾನೂ ಜಗ್ಗಿದೆ.